ಓಟಗಾರ್ತಿಯ ಇಳಿತಕ್ಕೆ ಕಾರಣವೇನು?

ಮೇಲೇರಿದವರು ಕೆಳಗಿಳಿದರೆ ನೋಡಿದವರ ಮನಸ್ಸು ಕೂಡಲೇ ಅದಕ್ಕೊಂದು ಕಾರಣವನ್ನು ಹುಡುಕುತ್ತದೆ. ಶ್ರೀಮಂತನೊಬ್ಬ ಬಡವನಾದರೆ ಅವನ ಗಳಿಕೆಯೇ ನ್ಯಾಯದ್ದಾಗಿರಲಿಲ್ಲವೆನ್ನುತ್ತೇವೆ. ಕೆಳಗಿನ ತರಗತಿಯಲ್ಲಿ ಮೊದಲಿಗನಾಗಿದ್ದ ಹುಡುಗ ಮೇಲಿನ ತರಗತಿಯಲ್ಲಿ ಹಿಂದೆ ಬಿದ್ದರೆ ಅವನ ಮೊದಲಿನ ಅಂಕಗಳೇ ಸುಳ್ಳೆಂದು ಅನುಮಾನಿಸುತ್ತೇವೆ. ಇಳಿತವನ್ನು ಕಂಡೊಡನೆ ಏರಿಕೆಯ ಲೆಕ್ಕವನ್ನು ಹಿಂದಿನಿಂದ ತಿದ್ದಲು ಹೊರಡುವ ಈ ಅಭ್ಯಾಸ ಉಪಾಧ್ಯಾಯರಾದ ನಮ್ಮಲ್ಲಿಯೂ ಇಲ್ಲದಿಲ್ಲ.

ಕ್ರೀಡಾಕ್ಷೇತ್ರದಲ್ಲಿ ಈ ಅಭ್ಯಾಸಕ್ಕೆ ಶಾಸ್ತ್ರದ ಬೆಂಬಲವೂ ದೊರಕಿದಂತೆ ತೋರುತ್ತದೆ. ಆಟಗಾರರ ಮೂತ್ರವನ್ನೋ ರಕ್ತವನ್ನೋ ತೆಗೆದು, ಅದರಲ್ಲಿ ನಿಷಿದ್ಧವಾದ ಉದ್ದೀಪನ ಮದ್ದಿನ ಅಂಶವಿದೆಯೆ ಎಂದು ನೋಡುವ ಪರೀಕ್ಷೆಗಳು ಬಂದ ಮೇಲೆ, ಇಳಿದವರೆಲ್ಲರ ವಿಷಯದಲ್ಲಿಯೂ ಒಂದೇ ವಿವರಣೆ ಸಿದ್ಧವಾಗಿ ನಿಂತಿರುತ್ತದೆ: ಮದ್ದಿದ್ದಾಗ ಗೆದ್ದರು, ಪರೀಕ್ಷೆ ಬಂದಾಗ ಸೋತರು. ಈ ವಿವರಣೆ ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ದೂರದ ಉದಾಹರಣೆಯನ್ನು ಹೇಳುತ್ತೇನೆ. ಗುದ್ದು, ಒದೆ, ಕುಸ್ತಿಯ ಹಿಡಿತ ಇವೆಲ್ಲವೂ ಕೂಡಿರುವ ಮಿಶ್ರ ಕಾದಾಟದ ಪಂದ್ಯಗಳು ಈಗ ಜಗತ್ತಿನಲ್ಲಿ ಬಹು ಪ್ರಸಿದ್ಧವಾಗಿವೆ. ಅದರಲ್ಲಿ ಹೆಸರಾದ ಬ್ರೆಜಿಲಿನ ವಿತೋರ್ ಬೆಲ್‌ಫೋರ್ಟ್ ಎಂಬಾತ ೨೦೧೩ರಲ್ಲಿ ತನ್ನ ಮೂವತ್ತಾರನೆಯ ವಯಸ್ಸಿನ ಆಸುಪಾಸಿನಲ್ಲಿ ಮೂವರು ಬಲಿಷ್ಠ ಎದುರಾಳಿಗಳನ್ನು ಒಬ್ಬರ ಬಳಿಕ ಒಬ್ಬರಂತೆ ಒದೆತದಿಂದ ಉರುಳಿಸಿದನು. ಆಗ ಆತ ವೈದ್ಯರ ಅನುಮತಿಯೊಡನೆ ಟೆಸ್ಟೋಸ್ಟಿರೋನ್ ಎಂಬ ಗಂಡುಚೋದಕವನ್ನು ಹೊರಗಿನಿಂದ ಪಡೆಯುತ್ತಿದ್ದನು. ೨೦೧೪ರ ಫೆಬ್ರವರಿಯಲ್ಲಿ ಅಮೆರಿಕದ ನೆವಾಡ ಸಂಸ್ಥಾನದ ಕ್ರೀಡಾ ಆಯೋಗವು ಅಂತಹ ಅನುಮತಿಗಳನ್ನು ನಿಲ್ಲಿಸಿತು. ೨೦೧೫ರ ಜುಲೈಯಿಂದ ಆ ಪಂದ್ಯಗಳಲ್ಲಿ ವರ್ಷವಿಡೀ ನಡೆಯುವ ಕಟ್ಟುನಿಟ್ಟಿನ ಪರೀಕ್ಷೆಯೂ ಬಂದಿತು. ೨೦೧೫ರ ಮೇ ತಿಂಗಳಲ್ಲಿ ಆತ ಮೊದಲ ಸುತ್ತಿನಲ್ಲಿಯೇ ಸೋತನು. ೨೦೧೬ರಲ್ಲಿ ಮತ್ತೆರಡು ಸಲ ಸೋತನು. ನೋಡಿದವರು ತೀರ್ಪು ಕೊಟ್ಟಾಯಿತು. ಆದರೆ ಅದೇ ಅವಧಿಯಲ್ಲಿ, ೨೦೧೫ರ ನವೆಂಬರಿನಲ್ಲಿ, ಆತ ತನ್ನ ಹಳೆಯ ಎದುರಾಳಿಯೊಬ್ಬನನ್ನು ಮತ್ತೆ ಸೋಲಿಸಿದುದನ್ನೂ, ಅಷ್ಟರಲ್ಲಿ ಆತನ ವಯಸ್ಸು ಮೂವತ್ತೆಂಟನ್ನು ದಾಟಿದುದನ್ನೂ ತೀರ್ಪು ಕೊಟ್ಟವರು ಗಣಿಸಲಿಲ್ಲ. ಮದ್ದು ಹೋದುದೂ ವಯಸ್ಸು ಏರಿದುದೂ ಒಂದೇ ಕಾಲದಲ್ಲಿ ನಡೆದರೆ, ಯಾವುದರ ಪಾಲು ಎಷ್ಟೆಂದು ಹೊರಗೆ ನಿಂತವರು ಹೇಗೆ ಬಿಡಿಸಿ ಹೇಳಬೇಕು?

ಇದು ದೂರದ ಮಾತಾಯಿತು. ನಮಗೆ ಹತ್ತಿರದ, ನಮ್ಮ ನುಡಿಯನ್ನೇ ಆಡುವ ಊರಿನ ಒಬ್ಬ ಓಟಗಾರ್ತಿಯ ವಿಷಯದಲ್ಲಿ ಇದೇ ಪ್ರಶ್ನೆ ಇನ್ನಷ್ಟು ನೋವಿನೊಡನೆ ಏಳುತ್ತದೆ. ಮಂಜೇಶ್ವರದ ಗಡಿಯನ್ನು ದಾಟಿ, ಮಂಗಳೂರು ಉಡುಪಿಗಳನ್ನು ಹಿಂದೆ ಬಿಟ್ಟು ಹೋದರೆ ಕುಂದಾಪುರ. ಅಲ್ಲಿಂದ ಘಟ್ಟದ ಬುಡದತ್ತ ತಿರುಗಿದರೆ ಸಿದ್ದಾಪುರ. ಆ ಕಡೆಯ ಕೃಷಿಕ ಮನೆತನದಲ್ಲಿ ೧೯೮೭ರಲ್ಲಿ ಹುಟ್ಟಿದವರು ಅಶ್ವಿನಿ ಅಕ್ಕುಂಜಿ. ರಾಜ್ಯದ ಗಡಿ ನಮ್ಮನ್ನು ೧೯೫೬ರಲ್ಲಿ ಬೇರ್ಪಡಿಸಿತಾದರೂ ಆ ಊರಿನವರ ಗೆಲುವನ್ನು ನಮ್ಮದೆಂದು ಎಣಿಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

೨೦೧೦ರ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಅಲ್ಲಿ ನಾಲ್ವರು ಹೆಣ್ಣುಮಕ್ಕಳು ತಲಾ ನಾನೂರು ಮೀಟರಿನಂತೆ ಓಡುವ ರಿಲೇಯಲ್ಲಿ ಭಾರತಕ್ಕೆ ಚಿನ್ನ ಬಂದಿತು. ೧೯೫೮ರಲ್ಲಿ ಕಾರ್ಡಿಫಿನಲ್ಲಿ ಮಿಲ್ಖಾ ಸಿಂಗ್ ಗೆದ್ದ ಬಳಿಕ ಐವತ್ತೆರಡು ವರ್ಷಗಳ ಕಾಲ ಆ ಕೂಟದ ಓಟದ ಹಾದಿಯಲ್ಲಿ ನಮ್ಮ ದೇಶಕ್ಕೆ ಚಿನ್ನವಿರಲಿಲ್ಲವೆಂಬುದನ್ನು ನೆನೆದರೆ ಆ ದಿನದ ಸಂಭ್ರಮ ಅರ್ಥವಾದೀತು. ಮೊದಲು ಓಡಿದವರು ಮಂಜಿತ್ ಕೌರ್, ಎರಡನೆಯವರು ಕೇರಳದ ಸಿನಿ ಜೋಸ್, ಮೂರನೆಯವರು ಅಶ್ವಿನಿ, ಕೊನೆಯವರು ಮನ್‌ದೀಪ್ ಕೌರ್. ಮಲಯಾಳ ನಾಡಿನ ಹುಡುಗಿಯ ಕೈಯಿಂದ ಕನ್ನಡ ನಾಡಿನ ಹುಡುಗಿಯ ಕೈಗೆ ಕೋಲು ಬಂದ ಆ ಕ್ಷಣ ಕಾಸರಗೋಡಿನವರಾದ ನಮಗೆ ಇಮ್ಮಡಿ ಸಂತೋಷವನ್ನು ಕೊಟ್ಟಿತೆಂದರೆ ಅತಿಶಯೋಕ್ತಿಯಾಗದು.

ಮರುತಿಂಗಳು ಚೀನದ ಗುವಾಂಗ್‌ಝೌನಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅಲ್ಲಿ ಅಶ್ವಿನಿಯವರು ನಾನೂರು ಮೀಟರ್ ಹರ್ಡಲ್ಸ್ ಓಟವನ್ನು ೫೬.೧೫ ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. ರಿಲೇ ತಂಡದಲ್ಲಿ ಮತ್ತೊಂದು ಚಿನ್ನವನ್ನೂ ಗೆದ್ದರು. ಎರಡು ತಿಂಗಳೊಳಗೆ ಮೂರು ಚಿನ್ನ. ಆಗ ಅವರಿಗೆ ವಯಸ್ಸು ಇಪ್ಪತ್ತಮೂರು.

ಹರ್ಡಲ್ಸ್ ಓಟವನ್ನು ನೋಡಿರದ ವಿದ್ಯಾರ್ಥಿಗಳಿಗಾಗಿ ಒಂದು ಮಾತು ಹೇಳಬೇಕು. ನಾನೂರು ಮೀಟರಿನ ಹಾದಿಯಲ್ಲಿ ಹತ್ತು ತಡೆಗಳಿರುತ್ತವೆ. ಹೆಂಗಸರ ಪಂದ್ಯದಲ್ಲಿ ಪ್ರತಿಯೊಂದು ತಡೆಯ ಎತ್ತರ ೭೬.೨ ಸೆಂಟಿಮೀಟರು. ಮೊದಲ ತಡೆಗೆ ೪೫ ಮೀಟರು, ಆಮೇಲೆ ಒಂದರಿಂದ ಒಂದಕ್ಕೆ ೩೫ ಮೀಟರು, ಕೊನೆಯ ತಡೆಯಿಂದ ಗುರಿಗೆ ೪೦ ಮೀಟರು. ಎರಡು ತಡೆಗಳ ನಡುವೆ ಇಡುವ ಹೆಜ್ಜೆಗಳು ಎಣಿಸಿದಂತಿರಬೇಕು. ದಣಿದ ಕಾಲು ಒಂದು ಹೆಜ್ಜೆ ಹೆಚ್ಚು ಬೇಡಿದರೆ, ಅಥವಾ ಒಂದು ಹೆಜ್ಜೆ ಗಿಡ್ಡವಾದರೆ, ಇಡೀ ಲಯವೇ ಕೆಡುತ್ತದೆ. ಮದ್ದಳೆಗಾರನ ಕೈಯಂತೆ ಓಟಗಾರ್ತಿಯ ಕಾಲೂ ದಿನದಿನದ ಅಭ್ಯಾಸದಿಂದ ಮಾತ್ರ ಲೆಕ್ಕ ತಪ್ಪದೆ ಇರಬಲ್ಲದು. ಈ ಅಂಶ ಮುಂದೆ ನಮಗೆ ಬೇಕಾಗುತ್ತದೆ.

೨೦೧೧ರ ಮಳೆಗಾಲದಲ್ಲಿ ಸಿಡಿಲೆರಗಿತು. ಉದ್ದೀಪನ ಮದ್ದಿನ ಪರೀಕ್ಷೆಗಾಗಿ ತೆಗೆದ ಮಾದರಿಗಳಲ್ಲಿ ಓಟಗಾರ್ತಿಯರು ಒಬ್ಬರ ಹಿಂದೊಬ್ಬರಂತೆ ಸಿಕ್ಕಿಬಿದ್ದರು. ಚಿನ್ನ ಗೆದ್ದ ರಿಲೇ ತಂಡದ ನಾಲ್ವರಲ್ಲಿ ಮೂವರ ಹೆಸರು, ಎಂದರೆ ಮನ್‌ದೀಪ್, ಸಿನಿ ಮತ್ತು ಅಶ್ವಿನಿಯವರ ಹೆಸರು, ಅದರಲ್ಲಿ ಸೇರಿತ್ತು. ಸಿಕ್ಕಿದುದು ಅನಬಾಲಿಕ್ ಸ್ಟೀರಾಯ್ಡ್ ಎಂಬ ಜಾತಿಯ ಮದ್ದು. ತರಬೇತುದಾರರು ಚೀನದಿಂದ ತಂದು ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಮಾತ್ರೆಗಳನ್ನು ತಾವು ಸೇವಿಸಿದೆವೆಂದೂ, ಅದರಲ್ಲಿ ಬೇರೆ ಏನಾದರೂ ಬೆರೆತಿದ್ದುದು ತಮಗೆ ತಿಳಿದಿರಲಿಲ್ಲವೆಂದೂ ಹುಡುಗಿಯರು ಹೇಳಿಕೊಂಡರು. ಉಕ್ರೇನಿನವರಾದ ತರಬೇತುದಾರ ಯೂರಿ ಒಗೊರೊದ್ನಿಕ್ ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಕೇಂದ್ರ ಸರಕಾರವು ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರಿಂದ ವಿಚಾರಣೆ ಮಾಡಿಸಿತು.

ಅದೇ ವರ್ಷದ ಕೊನೆಯಲ್ಲಿ ನಮ್ಮ ದೇಶದ ಶಿಸ್ತು ಮಂಡಲಿಯು, ಹುಡುಗಿಯರ ತಪ್ಪು ದೊಡ್ಡದಲ್ಲವೆಂದು ಬಗೆದು ಒಂದು ವರ್ಷದ ನಿಷೇಧವನ್ನು ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಘವು ಇದನ್ನು ಒಪ್ಪದೆ ಸ್ವಿಟ್ಸರ್ಲೆಂಡಿನ ಲೋಸಾನಿನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಯಿತು. ೨೦೧೨ರಲ್ಲಿ ಆ ನ್ಯಾಯಾಲಯವು ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸಿನ ಬಾಗಿಲು ಅಲ್ಲಿಗೆ ಮುಚ್ಚಿತು. ೨೦೧೪ರಲ್ಲಿ ಇಂಚೆಯಾನಿನ ಏಷ್ಯನ್ ಕೂಟಕ್ಕೆ ಅಶ್ವಿನಿಯವರು ಮತ್ತೆ ಹೋದರು. ತಾವು ಚಿನ್ನ ಗೆದ್ದಿದ್ದ ಅದೇ ಹರ್ಡಲ್ಸಿನಲ್ಲಿ ನಾಲ್ಕನೆಯವರಾದರು. ಗುವಾಂಗ್‌ಝೌನಲ್ಲಿ ಬರೆದ ಆ ೫೬.೧೫ ಮತ್ತೆ ಅವರ ಕಾಲಿಗೆ ಎಟಕಲಿಲ್ಲ.

ನಮ್ಮ ಶಾಲೆಯಲ್ಲಿ ಕ್ರೀಡಾಪಟುಗಳ ಚಿತ್ರಗಳನ್ನು ಗೋಡೆಗೆ ಅಂಟಿಸುತ್ತಿದ್ದಾಗ ಏಳನೆಯ ತರಗತಿಯ ಹುಡುಗನೊಬ್ಬ ಅಶ್ವಿನಿಯವರ ಚಿತ್ರವನ್ನು ಕೈಯಲ್ಲಿ ಹಿಡಿದು ಕೇಳಿದನು: "ಮಾಸ್ಟ್ರೇ, ಇವರು ಮದ್ದು ತಿಂದು ಓಡಿದ್ದಲ್ವಾ? ಮತ್ತೆ ಚೆಕ್ ಮಾಡಿದ ಮೇಲೆ ಓಡ್ಲಿಕ್ಕೆ ಆಗ್ಲಿಲ್ಲ. ಇದನ್ನು ಅಂಟಿಸುವುದಾ ಬೇಡವಾ?" ಅವನ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಮನೆಯಲ್ಲಿ ಯಾರೋ ಹಿರಿಯರು ಹೇಳಿದುದನ್ನು ಅವನು ಹೇಳಿದ್ದನು. ನಾನು ಚಿತ್ರವನ್ನು ಅಂಟಿಸಲು ಹೇಳಿದೆ. ಆದರೆ ಕಾರಣವನ್ನು ಆ ಗಳಿಗೆಯಲ್ಲಿ ಒಂದೆರಡು ಮಾತಿನಲ್ಲಿ ಹೇಳುವುದು ಸಾಧ್ಯವಿರಲಿಲ್ಲ. ಅದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಹುಡುಗನ ಮಾತಿನಲ್ಲಿರುವ ಸತ್ಯಾಂಶವನ್ನು ಮೊದಲು ಒಪ್ಪಿಕೊಳ್ಳಬೇಕು. ಅನಬಾಲಿಕ್ ಸ್ಟೀರಾಯ್ಡುಗಳು ಹುಸಿ ಮದ್ದುಗಳಲ್ಲ. ಸ್ನಾಯುಗಳಲ್ಲಿ ಸಸಾರಜನಕದ ರಚನೆಯನ್ನು ಅವು ಹೆಚ್ಚಿಸುತ್ತವೆ. ಕಠಿನ ಅಭ್ಯಾಸದ ಬಳಿಕ ಮೈ ಬೇಗ ಚೇತರಿಸಿಕೊಳ್ಳುವಂತೆ ಮಾಡುತ್ತವೆ. ಅದರೊಡನೆ ಪಿತ್ತಜನಕಾಂಗವನ್ನು ಕೆಡಿಸುತ್ತವೆ. ಹೆಂಗಸರಲ್ಲಿ ಧ್ವನಿಯನ್ನೂ ಮೈಯನ್ನೂ ಗಂಡಿನಂತೆ ಬದಲಿಸಲೂ ಬಲ್ಲವು. ಇವುಗಳಲ್ಲಿ ಒಂದಾದ ಮೆಥಾಂಡಿಯೆನೋನ್ ೧೯೫೦ರ ದಶಕದಲ್ಲಿಯೇ ಅಂಗಡಿಗೆ ಬಂದಿತ್ತು. ಅಂದಿನಿಂದಲೇ ಭಾರ ಎತ್ತುವವರು ಅದನ್ನು ಕದ್ದು ಬಳಸತೊಡಗಿದ್ದರು. ನಮ್ಮ ದೇಶದಲ್ಲಿ ಈ ಪಿಡುಗು ಸಣ್ಣದೇನೂ ಅಲ್ಲ. ೨೦೨೨ರಲ್ಲಿ ಭಾರತದಲ್ಲಿ ಪರೀಕ್ಷಿಸಿದ ೩೮೬೫ ಮಾದರಿಗಳಲ್ಲಿ ೧೨೫ ದೋಷಯುಕ್ತವೆಂದು ಕಂಡುಬಂದುವು. ಶೇಕಡಾ ಮೂರಕ್ಕಿಂತ ಹೆಚ್ಚಿನ ಈ ಪ್ರಮಾಣ ದೊಡ್ಡ ದೇಶಗಳ ಸಾಲಿನಲ್ಲಿ ನಮ್ಮನ್ನು ನಾಚಿಕೆಗೀಡುಮಾಡುವಂಥದು. ಆದುದರಿಂದ ಪರೀಕ್ಷೆ ಬೇಡವೆಂದಾಗಲಿ, ಸಿಕ್ಕಿದವರೆಲ್ಲ ನಿರಪರಾಧಿಗಳೆಂದಾಗಲಿ ನನ್ನ ವಾದವಲ್ಲ.

ನನ್ನ ವಾದವಿಷ್ಟೆ: ಪರೀಕ್ಷೆಯು ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ, ನಾವು ಆ ಉತ್ತರವನ್ನು ಎತ್ತಿಕೊಂಡು ಹೋಗಿ ಬೇರೊಂದು ಪ್ರಶ್ನೆಯ ಕೆಳಗೆ ಬರೆಯುತ್ತೇವೆ.

ಪರೀಕ್ಷೆ ಹೇಗೆ ನಡೆಯುತ್ತದೆಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆಟಗಾರ್ತಿಯ ಮೂತ್ರವನ್ನು ಎರಡು ಸೀಸೆಗಳಲ್ಲಿ ತುಂಬಿ ಮೊಹರು ಮಾಡುತ್ತಾರೆ. ಸೀಸೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರವಿರುತ್ತದೆ. ಮೊದಲ ಸೀಸೆಯಲ್ಲಿ ನಿಷಿದ್ಧ ವಸ್ತು ಸಿಕ್ಕಿದರೆ, ಆಟಗಾರ್ತಿ ಬಯಸಿದಲ್ಲಿ ಎರಡನೆಯದನ್ನೂ ಒಡೆದು ನೋಡುತ್ತಾರೆ. ಪ್ರಯೋಗಶಾಲೆ ಹೇಳುವುದು ಇಂತಹ ದಿನ ತೆಗೆದ ಈ ಸಂಖ್ಯೆಯ ಮಾದರಿಯಲ್ಲಿ ಇಂತಹ ವಸ್ತುವಿತ್ತು ಎಂಬುದನ್ನು ಮಾತ್ರ. ಅದು ಮೈಯೊಳಗೆ ಹೇಗೆ ಬಂತು, ಯಾರು ಕೊಟ್ಟರು, ಅದರಿಂದ ಓಟ ಎಷ್ಟು ವೇಗವಾಯಿತು, ಏಳು ತಿಂಗಳ ಹಿಂದೆ ಬೇರೊಂದು ದೇಶದಲ್ಲಿ ಓಡಿದಾಗ ಅದು ಇತ್ತೇ ಇಲ್ಲವೇ ಎಂಬುದಾವುದನ್ನೂ ಸೀಸೆ ಹೇಳುವುದಿಲ್ಲ. ೨೦೧೧ರ ಮಾದರಿ ೨೦೧೦ರ ಓಟದ ಬಗ್ಗೆ ಸಾಕ್ಷಿ ನುಡಿಯಲಾರದು. ಆದುದರಿಂದಲೇ ಗುವಾಂಗ್‌ಝೌನ ಪದಕಗಳನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ. ಅವು ಇಂದಿಗೂ ದಾಖಲೆಯಲ್ಲಿವೆ.

ಆ ೫೬.೧೫ ಸೆಕೆಂಡು ಮಾನುಷ ಶಕ್ತಿಗೆ ನಿಲುಕದ ವೇಗವೇ ಎಂದು ಕೇಳಬಹುದು. ಅದಕ್ಕೆ ನಮ್ಮ ಕೇರಳದಲ್ಲಿಯೇ ಉತ್ತರವಿದೆ. ೧೯೮೪ರಲ್ಲಿ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಪಯ್ಯೋಳಿಯ ಪಿ. ಟಿ. ಉಷಾ ಅವರು ಇದೇ ಓಟವನ್ನು ೫೫.೪೨ ಸೆಕೆಂಡುಗಳಲ್ಲಿ ಓಡಿ, ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಕಂಚನ್ನು ಕಳೆದುಕೊಂಡರು. ಆ ದಾಖಲೆಯನ್ನು ಭಾರತದ ಇನ್ನೊಬ್ಬಳು ಹೆಣ್ಣುಮಗಳು ಸರಿಗಟ್ಟಿದುದು ೨೦೨೩ರಲ್ಲಿ. ಹಾಂಗ್‌ಝೌನಲ್ಲಿ ವಿದ್ಯಾ ರಾಮರಾಜ್ ಅಷ್ಟೇ ಸಮಯದಲ್ಲಿ ಓಡಿದರು. ಅಶ್ವಿನಿಯವರ ಅತ್ಯುತ್ತಮ ಓಟವು ಉಷಾ ಅವರ ಓಟಕ್ಕಿಂತ ಮುಕ್ಕಾಲು ಸೆಕೆಂಡಿನಷ್ಟು ಹಿಂದಿತ್ತು. ಇದರಿಂದ ಅಶ್ವಿನಿಯವರು ೨೦೧೦ರಲ್ಲಿ ಶುದ್ಧರಾಗಿದ್ದರೆಂದು ಸಿದ್ಧವಾಗುವುದಿಲ್ಲ. ಆದರೆ ಆ ವೇಗವನ್ನು ವಿವರಿಸಲು ಮದ್ದನ್ನು ಕರೆಯಲೇಬೇಕಾದ ಅಗತ್ಯವಿಲ್ಲವೆಂಬುದಂತೂ ಸಿದ್ಧವಾಗುತ್ತದೆ.

ಹಾಗಾದರೆ ಇಳಿತಕ್ಕೆ ಕಾರಣವೇನು? ನನಗೆ ತೋರುವಂತೆ, ಪರೀಕ್ಷೆಯು ಆಟಗಾರರನ್ನು ಎರಡು ಬಗೆಯಲ್ಲಿ ಇಳಿಸಬಲ್ಲದು. ಒಂದನೆಯದು, ಮದ್ದನ್ನು ಕಸಿದುಕೊಂಡು. ಎರಡನೆಯದು, ಕಾಲವನ್ನು ಕಸಿದುಕೊಂಡು. ನೋಡುವವರು ಮೊದಲನೆಯದನ್ನು ಮಾತ್ರ ಆಡಿಕೊಳ್ಳುತ್ತಾರೆ. ಎರಡನೆಯದು ಕಣ್ಣಿಗೆ ಕಾಣಿಸದು. ಇಪ್ಪತ್ತಮೂರರಿಂದ ಇಪ್ಪತ್ತೈದರ ವರೆಗಿನ ಎರಡು ವರ್ಷಗಳೆಂದರೆ ಓಟಗಾರ್ತಿಯ ಬಾಳಿನಲ್ಲಿ ಬೆಳೆ ಕೊಯ್ಲಿಗೆ ಬಂದ ಕಾಲ. ನಿಷೇಧಕ್ಕೊಳಗಾದವರಿಗೆ ಪಂದ್ಯಗಳಿಲ್ಲ; ರಾಷ್ಟ್ರೀಯ ಶಿಬಿರವಿಲ್ಲ; ಜತೆಗೆ ಓಡುವ ಸಮಬಲದ ಗೆಳತಿಯರಿಲ್ಲ. ತಡೆಗಳ ನಡುವಿನ ಹೆಜ್ಜೆಯ ಲಯವನ್ನು ಕುರಿತು ಮೊದಲೇ ಹೇಳಿದೆನಷ್ಟೆ. ಎರಡು ವರ್ಷ ಮೇಳವಿಲ್ಲದೆ ಕುಳಿತ ಮದ್ದಳೆಗಾರ ಮನೆಯಲ್ಲಿ ಎಷ್ಟೇ ಬಾರಿಸಿದರೂ ರಂಗಸ್ಥಳದ ಬಿಸಿಯನ್ನು ಅಲ್ಲಿ ತಂದುಕೊಳ್ಳಲಾರ. ಇವೆಲ್ಲದರ ಮೇಲೆ, ಮೈದಾನಕ್ಕೆ ಇಳಿದಾಗಲೆಲ್ಲ ಜನ ತನ್ನ ಓಟವನ್ನಲ್ಲ, ತನ್ನ ಹಳೆಯ ಸೀಸೆಯನ್ನು ನೋಡುತ್ತಿದ್ದಾರೆಂಬ ಅರಿವು ಎಂತಹವರ ಎದೆಯನ್ನೂ ಕುಗ್ಗಿಸದಿರದು.

ಮದ್ದು ಹೋದುದರಿಂದಲೇ ಇಳಿತವೆಂಬ ಸರಳ ಸೂತ್ರಕ್ಕೆ ಶರೀರಶಾಸ್ತ್ರದ ಬೆಂಬಲವೂ ನಿಸ್ಸಂದೇಹವಾಗಿಲ್ಲ. ೨೦೧೩ರಲ್ಲಿ ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದ ಗುಂಡರ್ಸನ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಸ್ವಲ್ಪ ಕಾಲ ಟೆಸ್ಟೋಸ್ಟಿರೋನ್ ಪಡೆದ ಇಲಿಗಳ ಸ್ನಾಯುಗಳು, ಮದ್ದನ್ನು ನಿಲ್ಲಿಸಿ ಮೂರು ತಿಂಗಳಾದ ಮೇಲೂ, ವ್ಯಾಯಾಮ ಕೊಟ್ಟೊಡನೆ ಇತರ ಇಲಿಗಳ ಸ್ನಾಯುಗಳಿಗಿಂತ ಬೇಗನೆ ಬೆಳೆದುವು. ಇಲಿಯಲ್ಲಿ ಕಂಡುದು ಮನುಷ್ಯನಲ್ಲಿಯೂ ಹಾಗೆಯೇ ಎಂದು ಹೇಳುವುದು ಅವಸರವಾದೀತು. ಆದರೆ ಮದ್ದಿನ ಲಾಭ ಅದು ನಿಂತ ಬಳಿಕವೂ ಉಳಿಯಬಹುದಾದರೆ, ಬಳಿಕದ ನಿಧಾನವನ್ನು ಮೊದಲಿನ ಮದ್ದಿಗೆ ಸಾಕ್ಷಿಯೆಂದು ಒಡ್ಡುವವರು ಇನ್ನೊಮ್ಮೆ ಯೋಚಿಸಬೇಕಾಗುತ್ತದೆ.

ಇನ್ನೆರಡು ನಿದರ್ಶನಗಳನ್ನು ಇಲ್ಲಿ ಹೇಳಬೇಕು. ಕೊಡಗಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದ ಎಂ. ಆರ್. ಪೂವಮ್ಮನವರೂ ೨೦೨೧ರಲ್ಲಿ ತೆಗೆದ ಮಾದರಿಯೊಂದರಿಂದ ಸಿಕ್ಕಿಬಿದ್ದರು. ಮೊದಲು ಮೂರು ತಿಂಗಳೆಂದಿದ್ದ ನಿಷೇಧ ೨೦೨೨ರಲ್ಲಿ ಮೇಲ್ಮನವಿಯ ಬಳಿಕ ಎರಡು ವರ್ಷಕ್ಕೆ ಏರಿತು. ಅವರ ಬಾಳೂ ಅಲ್ಲಿಗೆ ಮುಗಿಯಿತೆಂದು ಹಲವರು ಬಗೆದಿರಬಹುದು. ಆದರೆ ೨೦೨೪ರಲ್ಲಿ, ತಮ್ಮ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ರಿಲೇ ತಂಡದಲ್ಲಿ ಓಡಿದರು. ಸಿಕ್ಕಿದ ಮದ್ದು ಬೇರೆ ಜಾತಿಯದು, ಓಟವೂ ಬೇರೆ. ಇಬ್ಬರನ್ನು ತೂಗಿ ನೋಡುವುದು ಸಲ್ಲದು. ಆದರೂ ಪರೀಕ್ಷೆಯಲ್ಲಿ ಸಿಕ್ಕಿದ ಮೇಲೆ ಇಳಿತ ಅನಿವಾರ್ಯವಲ್ಲವೆಂಬಷ್ಟನ್ನು ಈ ನಿದರ್ಶನ ತಿಳಿಸುತ್ತದೆ.

ಎರಡನೆಯದು ಇನ್ನೂ ವಿಚಿತ್ರವಾದುದು. ೨೦೧೪ರಲ್ಲಿ ಇಂಚೆಯಾನಿನಲ್ಲಿ ಅಶ್ವಿನಿಯವರನ್ನು ಹಿಂದೆ ಹಾಕಿ ಹರ್ಡಲ್ಸಿನಲ್ಲಿ ಚಿನ್ನ ಗೆದ್ದವರು ಬಹರೈನಿನ ಕೆಮಿ ಅದೆಕೊಯ. ೨೦೧೮ರಲ್ಲಿ ಜಕಾರ್ತದಲ್ಲಿಯೂ ಅವರೇ ಗೆದ್ದರು. ಅದೇ ವರ್ಷ ಅವರ ಮಾದರಿಯಲ್ಲಿ ಸ್ಟಾನೊಜೊಲಾಲ್ ಎಂಬ ಸ್ಟೀರಾಯ್ಡ್ ಸಿಕ್ಕಿ, ನಾಲ್ಕು ವರ್ಷಗಳ ನಿಷೇಧವಾಯಿತು. ಜಕಾರ್ತದ ಪದಕಗಳು ರದ್ದಾದುವು. ಅವರು ಸೇರಿದ್ದ ಬಹರೈನಿನ ಮಿಶ್ರ ರಿಲೇ ತಂಡದ ಚಿನ್ನ ೨೦೨೦ರಲ್ಲಿ ಭಾರತಕ್ಕೆ ಬಂದಿತು. ಆ ಭಾರತೀಯ ತಂಡದಲ್ಲಿ ಇದ್ದವರಲ್ಲೊಬ್ಬರು ಇದೇ ಪೂವಮ್ಮನವರು. ಆದರೆ ಇಂಚೆಯಾನಿನ ಚಿನ್ನ ಅದೆಕೊಯ ಅವರಲ್ಲಿಯೇ ಉಳಿಯಿತು. ಏಕೆಂದರೆ ೨೦೧೮ರ ಸೀಸೆ ೨೦೧೪ರ ಓಟದ ಬಗ್ಗೆ ಮಾತನಾಡಲಾರದು. ಅದೆಕೊಯ ಅವರಿಗೆ ನಾವು ಸಲ್ಲಿಸುವ ಈ ನ್ಯಾಯವನ್ನು ಅಶ್ವಿನಿಯವರಿಗೂ ಸಲ್ಲಿಸಬೇಡವೆ? ಅಥವಾ ಅಶ್ವಿನಿಯವರ ೨೦೧೦ನ್ನು ನಾವು ಹಿಂದಿನಿಂದ ಅಳಿಸುವುದಾದರೆ, ಅವರನ್ನು ೨೦೧೪ರಲ್ಲಿ ಸೋಲಿಸಿದವರ ಗೆಲುವನ್ನೂ ಹಿಂದಿನಿಂದ ಅಳಿಸಿ, ಅವರ ಸ್ಥಾನವನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸಬೇಕಾಗುತ್ತದೆ. ಒಂದೇ ಅಳತೆಗೋಲನ್ನು ಎರಡೂ ಕಡೆ ಹಿಡಿಯಲೇಬೇಕು.

ಇಲ್ಲಿಯ ವರೆಗೆ ಹೇಳಿದುದು ಇಳಿತದ ಕಾರಣವನ್ನು ಕುರಿತು. ಆದರೆ ಉಪಾಧ್ಯಾಯನಾದ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಕ್ರೀಡೆಯ ನಿಯಮದಂತೆ, ಆಟಗಾರ್ತಿಯ ಮೈಯಲ್ಲಿ ಏನು ಸಿಕ್ಕಿದರೂ ಅದಕ್ಕೆ ಹೊಣೆ ಅವಳೇ. ತರಬೇತುದಾರ ಕೊಟ್ಟನೆಂಬುದು ಶಿಕ್ಷೆಯನ್ನು ಒಂದಿಷ್ಟು ಕಡಿಮೆ ಮಾಡೀತೇ ಹೊರತು ಹೊಣೆಯನ್ನು ಇಳಿಸದು. ಕೊಟ್ಟುದನ್ನು ಏನೆಂದು ವಿಚಾರಿಸದೆ ನುಂಗಿದುದೇ ತಪ್ಪೆಂಬುದು ಲೋಸಾನಿನ ತೀರ್ಪಿನ ಸಾರ. ನಿಯಮ ಹೀಗಲ್ಲದೆ ಬೇರೆ ಬಗೆಯಲ್ಲಿ ಇರುವಂತೆಯೂ ಇಲ್ಲ. ಇಲ್ಲವಾದರೆ ಸಿಕ್ಕಿದವರೆಲ್ಲರೂ ಕೊಟ್ಟವರತ್ತ ಬೆರಳು ತೋರಿಸಿ ಪಾರಾಗಿಬಿಡುತ್ತಾರೆ. ಆದರೆ ನಾವು ಮಕ್ಕಳಿಗೆ ಕಲಿಸುವುದೇನು? ಗುರು ಹೇಳಿದುದನ್ನು ಎದುರಾಡದೆ ಮಾಡಬೇಕೆಂದು. ಹಿರಿಯರು ಕೈಗಿತ್ತುದನ್ನು ಬೇಡವೆನ್ನಬಾರದೆಂದು. ಹಳ್ಳಿಯ ಹೆಣ್ಣುಮಗಳಿಗಂತೂ ಈ ಪಾಠ ಮನೆಯಲ್ಲಿ ಒಮ್ಮೆ, ಶಾಲೆಯಲ್ಲಿ ಇನ್ನೊಮ್ಮೆ ಆಗುತ್ತದೆ. ಆ ವಿಧೇಯತೆಗಾಗಿಯೇ ಶಿಬಿರದಲ್ಲಿ ಅವಳನ್ನು ಮೆಚ್ಚುತ್ತಾರೆ. ಕೊನೆಗೆ ಒಂದು ದಿನ, ನೀನೇಕೆ ಪ್ರಶ್ನಿಸಲಿಲ್ಲವೆಂದು ಕೇಳಿ ಎರಡು ವರ್ಷಗಳನ್ನು ಕಸಿದುಕೊಳ್ಳುತ್ತಾರೆ.

ನಮ್ಮ ಜಿಲ್ಲೆಯವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದ ವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಬಲ್ಲವರು ಸುರಿಸುತ್ತಿದ್ದಾರೆ, ಕೆಡುಕಿಲ್ಲ ಎಂದು ನಂಬಿದವರ ಮನೆಗಳಲ್ಲಿ ಏನಾಯಿತೆಂಬುದನ್ನು ನಾವು ಕಂಡಿದ್ದೇವೆ. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆದುದು ೨೦೧೧ರ ಮೇ ತಿಂಗಳಲ್ಲಿ. ಓಟಗಾರ್ತಿಯರು ಸಿಕ್ಕಿಬಿದ್ದುದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ. ಆದರೆ ಮೇಲಿನಿಂದ ಬಂದುದನ್ನು ಏನೆಂದು ಕೇಳುವ ಹಕ್ಕು ಕೆಳಗಿರುವವನಿಗೆ ಇದೆಯೆಂಬ ಪಾಠ ಎರಡರಲ್ಲಿಯೂ ಇದೆ.

ಉಪಜಿಲ್ಲಾ ಕ್ರೀಡಾಕೂಟಕ್ಕೆ ಆಯ್ಕೆಯಾದ ನಮ್ಮ ಶಾಲೆಯ ಹುಡುಗಿಯೊಬ್ಬಳಿದ್ದಳು. ಮುರಕಲ್ಲಿನ ಹುಡಿ ಹಾರುವ ನಮ್ಮ ಅಂಗಳದಲ್ಲಿ ಬರಿಗಾಲಿನಲ್ಲಿ ಓಡಿ ಎಲ್ಲರನ್ನೂ ಹಿಂದೆ ಹಾಕುವವಳು. ಒಂದು ಸಂಜೆ ಅವಳ ತಾಯಿ ದೊಡ್ಡದೊಂದು ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಮಗಳೊಡನೆ ಬಂದರು. "ಮಾಸ್ಟ್ರೇ, ಇವಳ ಮಾವ ಗಲ್ಫಿನಿಂದ ತಂದದ್ದು. ಹಾಲಿಗೆ ಹಾಕಿ ಕೊಟ್ರೆ ಓಡ್ಲಿಕ್ಕೆ ಶಕ್ತಿ ಬರ್ತದಂತೆ. ಕೊಡ್ಬಹುದಾ?" ಡಬ್ಬಿಯ ಮೇಲೆ ಬಲಿಷ್ಠ ತೋಳಿನ ಚಿತ್ರವಿತ್ತು, ಸಣ್ಣ ಅಕ್ಷರಗಳಲ್ಲಿ ಉದ್ದದ ಪಟ್ಟಿಯಿತ್ತು. ಅದರಲ್ಲಿ ನನಗೆ ಅರ್ಥವಾದುದು ಅರ್ಧ. ಮಕ್ಕಳಿಗಲ್ಲವೆಂಬ ಸೂಚನೆ ಮಾತ್ರ ಸ್ಪಷ್ಟವಾಗಿತ್ತು. ಬೇಡವೆಂದೆ, ಗಂಜಿ, ಹೆಸರುಕಾಳು, ಮೊಟ್ಟೆ, ಹೊತ್ತಿಗೆ ಸರಿಯಾದ ನಿದ್ದೆ ಇಷ್ಟು ಸಾಕೆಂದೆ. ತಾಯಿ ಒಪ್ಪಿದರು. ಆಮೇಲೆ ಹುಡುಗಿಯತ್ತ ತ���ರುಗಿ, "ನೀನೇನು ಹೇಳ್ತಿ? ಕುಡಿಯುವವಳು ನೀನಲ್ವಾ?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, "ಮಾಸ್ಟ್ರು ಹೇಳಿದ ಹಾಗೆ" ಎಂದಳು.

ಆ ಉತ್ತರ ನನಗೆ ಹಿತವೆನಿಸಲಿಲ್ಲ. ಇಂದು ಈ ಮಾಸ್ಟ್ರು ಬೇಡವೆಂದುದರಿಂದ ಅವಳು ಕುಡಿಯಲಿಲ್ಲ. ನಾಳೆ ಇನ್ನೊಬ್ಬ ಮಾಸ್ಟ್ರು ಬೇಕೆಂದರೆ ಕುಡಿಯುತ್ತಾಳೆ. ಆದುದರಿಂದ ಮರುದಿನ ಅವಳನ್ನೂ ಓಟದ ತಂಡದ ಇತರರನ್ನೂ ಕುಳ್ಳಿರಿಸಿ, ಬಿಸ್ಕತ್ತಿನ ಪೊಟ್ಟಣ, ಕೆಮ್ಮಿನ ಔಷಧದ ಸೀಸೆ, ಹಾಲಿನ ಪುಡಿಯ ಡಬ್ಬಿ ಮುಂತಾದುವುಗಳ ಮೇಲಿನ ಬರಹವನ್ನು ಓದಿಸಿದೆ. ಇದರಲ್ಲಿ ಏನಿದೆ, ಯಾರು ತಯಾರಿಸಿದರು, ನನಗೇಕೆ ಕೊಡುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದೆ. ಈ ಪ್ರಶ್ನೆಗಳನ್ನು ನನ್ನನ್ನೇ ಮೊದಲು ಕೇಳಬೇಕೆಂದು ಹೇಳಿದೆ. ಎರಡು ದಿನ ಸಂಕೋಚಪಟ್ಟರು. ಮೂರನೆಯ ದಿನ ನಾನು ಹಂಚಿದ ಗ್ಲುಕೋಸಿನ ಪೊಟ್ಟಣವನ್ನು ಹಿಡಿದು ಆ ಹುಡುಗಿಯೇ, "ಇದು ಯಾವಾಗ ತಯಾರಾದದ್ದು ಮಾಸ್ಟ್ರೇ?" ಎಂದು ಕೇಳಿದಳು. ಉಳಿದವರು ನಕ್ಕರು, ಅವಳು ನಗಲಿಲ್ಲ, ಉತ್ತರಕ್ಕಾಗಿ ಕಾದಳು.

ಗುರುಭಕ್ತಿಗೆ ಇದರಿಂದ ಕುಂದಾಗುತ್ತದೆಂದು ಅಂಜುವ ಸಹೋದ್ಯೋಗಿಗಳಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಪ್ರಶ್ನೆಗೆ ಉತ್ತರ ಕೊಡಬಲ್ಲ ಗುರುವಿನ ಮೇಲೆ ಭಕ್ತಿ ಹೆಚ್ಚುತ್ತದೆಯೇ ವಿನಾ ಕುಗ್ಗುವುದಿಲ್ಲ. ಉತ್ತರ ಕೊಡಲಾರದವನ ಕೈಯ ಮಾತ್ರೆಯನ್ನು ಮಗು ತಿನ್ನದಿರುವುದೇ ಒಳ್ಳೆಯದು.

ಅಕ್ಕುಂಜಿಯವರ ಇಳಿತಕ್ಕೆ ಮದ್ದಿನ ಪರೀಕ್ಷೆ ಕಾರಣವೆ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಅವರು ಎರಡು ವರ್ಷ ಮೈದಾನದಲ್ಲಿ ಕಾಣದಿದ್ದುದಕ್ಕೆ ಪರೀಕ್ಷೆ ಕಾರಣ, ಆ ಎರಡು ವರ್ಷಗಳ ನಷ್ಟ ಬಳಿಕದ ನಿಧಾನಕ್ಕೆ ಬಹುಮಟ್ಟಿಗೆ ಕಾರಣವಾಗಿರಬಹುದು. ಅವರ ಮೊದಲಿನ ಗೆಲುವು ಸುಳ್ಳಾಗಿತ್ತೆಂಬುದನ್ನು ಮಾತ್ರ ಪರೀಕ್ಷೆಯೂ ಹೇಳಲಿಲ್ಲ, ಇಳಿತವೂ ಹೇಳಲಾರದು. ನಮ್ಮ ಶಾಲೆಯ ಗೋಡೆಯ ಮೇಲಿನ ಚಿತ್ರದ ಕೆಳಗೆ ಹುಡುಗರು ಈಗ ಎರಡು ಸಾಲುಗಳನ್ನು ಬರೆದಿದ್ದಾರೆ. ಒಂದರಲ್ಲಿ ೨೦೧೦ರ ಮೂರು ಚಿನ್ನಗಳಿವೆ. ಇನ್ನೊಂದರಲ್ಲಿ ೨೦೧೧ರ ನಿಷೇಧವಿದೆ. ಎರಡೂ ಒಂದೇ ಗಾತ್ರದ ಅಕ್ಷರಗಳಲ್ಲಿವೆ. ಯಾವುದನ್ನೂ ಮರೆಮಾಚದೆ, ಒಂದರಿಂದ ಇನ್ನೊಂದನ್ನು ಅಳಿಸದೆ ಓದಿಕೊಳ್ಳಲು ಮಕ್ಕಳು ಕಲಿತರೆ, ಓಟದ ಹಾದಿಯಲ್ಲಿ ಮಾತ್ರವಲ್ಲ, ಬಾಳಿನ ಇತರ ಇಳಿಜಾರುಗಳಲ್ಲಿಯೂ ಅವರು ನ್ಯಾಯವಂತರಾಗಿ ನಡೆಯುವರೆಂದು ನಂಬುತ್ತೇನೆ.